ಮಾಲ್ಗುಡಿಯ ವಿಳಾಸ

ಮಾಲ್ಗುಡಿ ಎಂಬ ಊರು ಯಾವ ಭೂಪಟದಲ್ಲಿಯೂ ಇಲ್ಲ. 1935ರಲ್ಲಿ ಪ್ರಕಟವಾದ 'ಸ್ವಾಮಿ ಅಂಡ್ ಫ್ರೆಂಡ್ಸ್' ಕಾದಂಬರಿಯಲ್ಲಿ ಆರ್. ಕೆ. ನಾರಾಯಣ್ ಅವರು ಕಟ್ಟಿ ನಿಲ್ಲಿಸಿದ ಊರು ಅದು. ಅಲ್ಲಿ ಬೀದಿಗಳುಂಟು, ನದಿಯುಂಟು, ಶಾಲೆಯುಂಟು, ಇಲ್ಲದ್ದು ವಿಳಾಸವೊಂದೇ. ಅರ್ಧ ಶತಮಾನದ ತರುವಾಯ ಆ ಕೊರತೆಯನ್ನು ತುಂಬಿದವರು ಶಂಕರ್ ನಾಗ್. 1986ರಲ್ಲಿ ದೂರದರ್ಶನದಲ್ಲಿ ಬರತೊಡಗಿದ 'ಮಾಲ್ಗುಡಿ ಡೇಸ್' ಧಾರಾವಾಹಿಗಾಗಿ ಅವರು ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯನ್ನೇ ಮಾಲ್ಗುಡಿಯನ್ನಾಗಿ ಮಾಡಿದರು. ರೈಲು ಕಾಣದ ಆಗುಂಬೆಗೆ ರೈಲ್ವೆ ನಿಲ್ದಾಣ ಎಲ್ಲಿಂದ ಬರಬೇಕು? ಅದನ್ನು ಒದಗಿಸಿದ್ದು ಹೊಸನಗರ ತಾಲ್ಲೂಕಿನ ಅರಸಾಳು. ಹೀಗೆ ಇಲ್ಲದ ಊರೊಂದು ಎರಡು ತಾಲ್ಲೂಕುಗಳಲ್ಲಿ ಕಾಲೂರಿ ನಿಂತಿತು. ಕಥೆಯ ಪಾತ್ರಗಳಿಗೆ ಅದು ನಿಜವಾದ ಊರು; ಕ್ಯಾಮರಾದ ಹಿಂದೆ ನಿಂತವರಿಗೆ ಅದು ವೇಷ ಎಂಬುದು ಗೊತ್ತು. ಯಾರಿಗೂ ಮೋಸವಾಗಲಿಲ್ಲ.

ಕಂಪ್ಯೂಟರುಗಳ ಲೋಕದಲ್ಲಿಯೂ ಇಂಥದೇ ಕೆಲಸವೊಂದುಂಟು. ಇಲ್ಲದ ಊರಿಗೆ ವಿಳಾಸ ಕೊಡುವುದು, ಇರುವ ಊರನ್ನು ಇಲ್ಲವೆನ್ನುವುದು, ಕೇಳಿದ ಪ್ರಶ್ನೆಗೆ ಉತ್ತರಿಸದೆ ಸುಮ್ಮನೆ ಕೂರುವುದು. ಇವೆಲ್ಲವನ್ನೂ ಬೇಕೆಂದೇ, ಮೊದಲೇ ಬರೆದಿಟ್ಟ ಕ್ರಮದಲ್ಲಿ ಮಾಡುವ ಸರ್ವರ್ ಒಂದನ್ನು ಕಟ್ಟಿಕೊಳ್ಳುವುದು. ಇದನ್ನು ಅಣಕು ಡಿ.ಎನ್.ಎಸ್. ಸರ್ವರ್ ಎನ್ನಬಹುದು. ಸುಳ್ಳು ಹೇಳಲೆಂದೇ ಒಂದು ಯಂತ್ರವೇ? ಎಂದು ವಾಚಕರು ಹುಬ್ಬೇರಿಸಬಹುದು. ಅದರ ಅಗತ್ಯವನ್ನು ಅರಿಯಲು ಆಗುಂಬೆಯ ಮಳೆಗಾಲಕ್ಕಿಂತ ಒಳ್ಳೆಯ ಪಾಠಶಾಲೆ ಬೇರೆ ಬೇಕಿಲ್ಲ.

ಹೆಸರಿನಿಂದ ಮನೆಗೆ

ಮಲೆನಾಡಿನ ಮನೆಗಳು ಬಯಲುಸೀಮೆಯ ಮನೆಗಳಂತೆ ಒಂದರ ಪಕ್ಕದಲ್ಲೊಂದು ಸಾಲುಗಟ್ಟಿ ನಿಂತವಲ್ಲ. ಗುಡ್ಡಕ್ಕೊಂದು, ತೋಟಕ್ಕೊಂದು ಮನೆ. ಅವಕ್ಕೆ ಸಂಖ್ಯೆಗಿಂತ ಹೆಸರೇ ಮುಖ್ಯ: ಮೇಲಿನಮನೆ, ಕೆಳಗಿನಮನೆ, ಹೊಸಮನೆ. ಕಾಗದದ ಮೇಲೆ ಹೆಸರು ಬರೆದರೆ ಸಾಕು. ಯಾವ ಸಂಕವನ್ನು ದಾಟಿ, ಯಾವ ಕಾಲುದಾರಿಯನ್ನು ಹಿಡಿದರೆ ಆ ಮನೆ ಸಿಕ್ಕುವುದೆಂಬುದು ಅಂಚೆಯವನಿಗೆ ಗೊತ್ತು. ಬರೆಯುವವರು ಹೆಸರನ್ನು ನೆನಪಿಟ್ಟರಾಯಿತು; ದಾರಿಯನ್ನು ನೆನಪಿಡುವುದು ಅವನ ಹೊಣೆ.

ಅಂತರಜಾಲದಲ್ಲಿ ಈ ಹೊಣೆಯನ್ನು ಹೊತ್ತಿರುವುದು ಡೊಮೈನ್ ನೇಮ್ ಸಿಸ್ಟಮ್, ಸಂಕ್ಷೇಪವಾಗಿ ಡಿ.ಎನ್.ಎಸ್. ಕಂಪ್ಯೂಟರುಗಳು ಒಂದನ್ನೊಂದು ಗುರುತಿಸುವುದು ಸಂಖ್ಯೆಗಳಿಂದ. ಮನುಷ್ಯರು ನೆನಪಿಡುವುದು ಹೆಸರುಗಳನ್ನು. ಅಮೆರಿಕದ ಅರ್ಪಾನೆಟ್ ಜಾಲ ಇನ್ನೂ ಚಿಕ್ಕದಾಗಿದ್ದ ಕಾಲದಲ್ಲಿ ಹೆಸರು ಮತ್ತು ಸಂಖ್ಯೆಗಳ ಪಟ್ಟಿ ಒಂದೇ ಕಡತದಲ್ಲಿತ್ತು. ಕ್ಯಾಲಿಫೋರ್ನಿಯದ ಎಸ್.ಆರ್.ಐ. ಸಂಸ್ಥೆಯಲ್ಲಿ ಎಲಿಜಬೆತ್ ಫೈನ್ಲರ್ ಎಂಬಾಕೆಯ ತಂಡ ಅದನ್ನು ನೋಡಿಕೊಳ್ಳುತ್ತಿತ್ತು. ಜಾಲಕ್ಕೆ ಹೊಸ ಯಂತ್ರ ಬಂದರೆ ಅವರಿಗೆ ತಿಳಿಸಬೇಕು. ಪಟ್ಟಿಯ ಹೊಸ ಪ್ರತಿಯನ್ನು ಎಲ್ಲರೂ ತರಿಸಿಕೊಳ್ಳಬೇಕು. ಯಂತ್ರಗಳು ಹೆಚ್ಚಿದಂತೆ ಈ ಏರ್ಪಾಡು ಕೈಮೀರಿತು. 1983ರಲ್ಲಿ ಪಾಲ್ ಮೋಕಾಪೆಟ್ರಿಸ್ ಎಂಬವರು ಪಟ್ಟಿಯನ್ನು ಒಂದೇ ಕಡೆ ಇಡದೆ ಹಂಚಿಡುವ ಉಪಾಯವನ್ನು ರೂಪಿಸಿದರು. ಅವರು ಬರೆದ ಮೊದಲ ಸರ್ವರಿನ ಹೆಸರು 'ಜೀವ್ಸ್'. 1987ರಲ್ಲಿ ಪರಿಷ್ಕೃತವಾಗಿ ಹೊರಬಂದ ನಿಯಮಗಳೇ ಇಂದಿಗೂ ಈ ವ್ಯವಸ್ಥೆಯ ತಳಹದಿ.

ಇದರ ನಡೆ ಸರಳವಾದದ್ದು. ಒಂದು ಪ್ರೋಗ್ರಾಂ ಹೆಸರೊಂದನ್ನು ಹಿಡಿದು ಹತ್ತಿರದ ನಾಮಸರ್ವರನ್ನು ಕೇಳುತ್ತದೆ. ಅದಕ್ಕೆ ಗೊತ್ತಿಲ್ಲದಿದ್ದರೆ ಅದು ಮೂಲ ಸರ್ವರನ್ನು ಕೇಳುತ್ತದೆ; ಮೂಲ ಸರ್ವರು, 'ಈ ಬಗೆಯ ಹೆಸರುಗಳ ಲೆಕ್ಕ ಅವರಲ್ಲಿದೆ' ಎಂದು ಮುಂದಿನವರನ್ನು ತೋರಿಸುತ್ತದೆ; ಅವರು ಮತ್ತೊಬ್ಬರನ್ನು ತೋರಿಸುತ್ತಾರೆ. ಕೊನೆಗೆ ಸಂಖ್ಯೆ ಸಿಕ್ಕುತ್ತದೆ. ಆ ಉತ್ತರದ ಜೊತೆಗೆ, 'ಇದನ್ನು ಇಷ್ಟು ಸೆಕೆಂಡುಗಳ ಕಾಲ ನೆನಪಿಟ್ಟುಕೊಳ್ಳಬಹುದು' ಎಂಬ ಅವಧಿಯೂ ಬರುತ್ತದೆ. ಇಷ್ಟೆಲ್ಲ ನಡೆಯುವುದು ಕಣ್ಣು ಮಿಟುಕಿಸುವಷ್ಟರಲ್ಲಿ. ನಡೆದಾಗ ಯಾರಿಗೂ ಗೊತ್ತಾಗುವುದಿಲ್ಲ. ನಡೆಯದಾಗ ಮಾತ್ರ ಗೊತ್ತಾಗುತ್ತದೆ.

ಮಳೆಯೊಳಗೆ ಒಂದು ಸೊನ್ನೆ

ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವುದು ವಾಡಿಕೆ. ಇಲ್ಲಿಂದ ಪಶ್ಚಿಮಕ್ಕೆ, ಸೋಮೇಶ್ವರದ ಕಡೆಗೆ, ಘಾಟಿ ಹದಿನಾಲ್ಕು ಕಡಿದಾದ ತಿರುವುಗಳಲ್ಲಿ ಇಳಿಯುತ್ತದೆ. ಮಳೆಗಾಲದಲ್ಲಿ ಗುಡ್ಡ ಜರಿದು ಮಣ್ಣು ರಸ್ತೆಗೆ ಬಂದದ್ದುಂಟು. ತೀರ್ಥಹಳ್ಳಿಯ ಕಡೆಯಿಂದ ಮಣಿಪಾಲದ ಆಸ್ಪತ್ರೆಗೆ ರೋಗಿಯನ್ನು ಕೊಂಡೊಯ್ಯುವವರಿಗೆ ಇದೇ ದಾರಿ. ಆದುದರಿಂದ ಕಳೆದ ಒಂದು ಗಂಟೆಯಲ್ಲಿ ಎಷ್ಟು ಮಳೆಯಾಯಿತೆಂಬುದು ಇಲ್ಲಿ ಕುತೂಹಲದ ಮಾತಲ್ಲ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ರಾಜ್ಯದ ಗ್ರಾಮ ಪಂಚಾಯಿತಿಗಳಲ್ಲಿ ತಾವಾಗಿಯೇ ಲೆಕ್ಕ ಕಳುಹಿಸುವ ಮಳೆಮಾಪಕಗಳನ್ನು ನಿಲ್ಲಿಸಿರುವುದು ಇದಕ್ಕಾಗಿಯೇ.

ಈಗ ಒಂದು ದೃಷ್ಟಾಂತ. ಆಗುಂಬೆಯ ತರುಣನೊಬ್ಬ ಬೆಂಗಳೂರಿನಲ್ಲಿ ಪ್ರೋಗ್ರಾಂ ಬರೆಯುವ ಉದ್ಯೋಗದಲ್ಲಿದ್ದಾನೆನ್ನಿ. ಮಳೆಗಾಲಕ್ಕೆ ಊರಿಗೆ ಬಂದವನು ಅಂಗಳದ ತುದಿಯಲ್ಲಿ ತನ್ನದೇ ಮಳೆಮಾಪಕವೊಂದನ್ನು ನಿಲ್ಲಿಸಿದ್ದಾನೆ. ಅದರೊಳಗೆ ಏತದ ಹಲಗೆಯಂತೆ ತೂಗಾಡುವ ಜೋಡಿ ಬಟ್ಟಲು. ಒಂದು ತುಂಬಿದೊಡನೆ ವಾಲಿ ಬರಿದಾಗುತ್ತದೆ, ಇನ್ನೊಂದು ನೀರಿಗೆ ಬಾಯೊಡ್ಡುತ್ತದೆ. ಪ್ರತಿ ಸಲ ವಾಲಿದಾಗಲೂ ಒಂದು ಎಣಿಕೆ. ಹದಿನೈದು ನಿಮಿಷಕ್ಕೊಮ್ಮೆ ಆ ಎಣಿಕೆಯನ್ನು ಪುಟ್ಟ ಕಂಪ್ಯೂಟರೊಂದು ಮೊಬೈಲ್ ಜಾಲದ ಮೂಲಕ ದೂರದ ಸರ್ವರಿಗೆ ಕಳುಹಿಸುತ್ತದೆ. ಅಲ್ಲಿನ ಪುಟವನ್ನು ಘಾಟಿಯಲ್ಲಿ ವಾಹನ ನಡೆಸುವ ಪರಿಚಿತರು ನೋಡುತ್ತಾರೆ.

ಬೆಂಗಳೂರಿನ ಮೇಜಿನ ಮೇಲೆ ಈ ಪ್ರೋಗ್ರಾಂ ಚೊಕ್ಕವಾಗಿ ನಡೆದಿತ್ತು. ಪುನರ್ವಸು ಮಳೆಯ ಒಂದು ರಾತ್ರಿ ಅದರ ಬಣ್ಣ ಬಯಲಾಯಿತು. ಹೆಂಚಿನ ಮೇಲೆ ಕಲ್ಲು ಸುರಿದಂತೆ ಮಳೆ ಹೊಯ್ಯುತ್ತಿದ್ದಾಗ, ಎರಡು ಗಂಟೆಯಿಂದ ಐದು ಗಂಟೆಯವರೆಗೆ ಪುಟದಲ್ಲಿ ಕಾಣುತ್ತಿದ್ದುದು ಸೊನ್ನೆ! ಯಾರಾದರೂ ಅದನ್ನು ನಂಬಿ ಘಾಟಿ ಇಳಿದಿದ್ದರೆ? ಆ ಯೋಚನೆಯೇ ತರುಣನ ನಿದ್ದೆ ಕೆಡಿಸಿತು.

ಬೆಳಗಾದ ಮೇಲೆ ಅವನು ದೋಷವನ್ನು ಹುಡುಕಲು ಕುಳಿತ. ದಾಖಲೆಯಲ್ಲಿದ್ದುದು ಒಂದೇ ಸುಳಿವು: ಸರ್ವರಿನ ಹೆಸರಿಗೆ ವಿಳಾಸ ಸಿಕ್ಕಿರಲಿಲ್ಲ. ಮತ್ತೆ ಹಾಗಾಗಲೆಂದು ಕಾದ. ಮರುದಿನ ಮಳೆ ಬಂತು, ಆದರೆ ವಿಳಾಸವೂ ಸರಾಗವಾಗಿ ಬಂತು. ಜಾಲದ ತಂತಿಯನ್ನೇ ಕಿತ್ತು ನೋಡಿದ. ಪ್ರೋಗ್ರಾಂ 'ಜಾಲವಿಲ್ಲ' ಎಂದು ಮರ್ಯಾದೆಯಿಂದ ಹೇಳಿ, ಎಣಿಕೆಯನ್ನು ಉಳಿಸಿಕೊಂಡಿತು. ತಂತಿ ಕಿತ್ತರೆ ಜಾಲವೇ ಇರುವುದಿಲ್ಲ. ಆ ರಾತ್ರಿಯಾದರೋ ಜಾಲವಿತ್ತು, ಉತ್ತರವಿರಲಿಲ್ಲ. ಎರಡಕ್ಕೂ ಅಂತರವುಂಟು. ಕಂಪ್ಯೂಟರಿನಲ್ಲಿ 'ಹೋಸ್ಟ್ಸ್' ಎಂಬ ಸಣ್ಣ ಕಡತವಿರುತ್ತದೆ. ಅದರಲ್ಲಿ ಹೆಸರಿನ ಮುಂದೆ ತನಗೆ ಬೇಕಾದ ಸಂಖ್ಯೆಯನ್ನು ಬರೆದಿಡಬಹುದು. ಆದರೆ ಆ ಕಡತಕ್ಕೆ ಬರುವುದು ಒಂದೇ ಸುಳ್ಳು, ಅದೂ ಸದಾಕಾಲ ಒಂದೇ ಬಗೆಯದು. 'ತಡವಾಗಿ ಹೇಳು', 'ಎರಡು ಸಲ ಸುಮ್ಮನಿದ್ದು ಮೂರನೆಯ ಸಲ ಹೇಳು', 'ಅರ್ಧ ಹೇಳು' ಎಂದರೆ ಅದಕ್ಕೆ ತಿಳಿಯದು. ಹಾಳಾಗುವ ಬಗೆಗಳನ್ನೆಲ್ಲ ಬೇಕೆಂದಾಗ ಬೇಕಾದಂತೆ ಅಭಿನಯಿಸಿ ತೋರಿಸಬಲ್ಲ ನಟನೊಬ್ಬ ಬೇಕಾಗಿತ್ತು.

ಅಜ್ಜಯ್ಯನ ಚೀಲ

ತರುಣನ ಅಜ್ಜಯ್ಯ ಅಂಚೆಯ ಕೆಲಸದಲ್ಲಿದ್ದು ನಿವೃತ್ತರಾದವರು. ಜಗಲಿಯಲ್ಲಿ ಕಷಾಯದ ಲೋಟ ಹಿಡಿದು ಕುಳಿತವರು ಕೇಳಿದರು:

"ಏನು ಮಾಡ್ತಿದ್ದೀಯೋ ಮಾರಾಯ, ಬೆಳಗಿನಿಂದ?"

"ಸುಳ್ಳು ಹೇಳೋ ಅಂಚೆಯವನೊಬ್ಬನನ್ನು ತಯಾರು ಮಾಡ್ತಿದ್ದೇನೆ, ಅಜ್ಜಯ್ಯ. ಕಾಗದ ಎಷ್ಟು ಬಗೆಯಲ್ಲಿ ತಪ್ಪಿಹೋಗಬಹುದು ಅಂತ ನೀವೇ ಹೇಳಿ."

ಅಜ್ಜಯ್ಯ ನಕ್ಕರು. "ಅದನ್ನು ಕೇಳು, ಹೇಳ್ತೇನೆ. ಮೂವತ್ತು ಮಳೆಗಾಲ ನೋಡಿದ್ದೇನೆ."

ಅವರು ಹೇಳುತ್ತ ಹೋದರು. ಮೊಮ್ಮಗ ಬರೆದುಕೊಳ್ಳುತ್ತ ಹೋದ.

ಮೊದಲನೆಯದು, ಅಂಥ ಮನೆಯೇ ಇಲ್ಲದಿರುವುದು. ಕಾಗದದ ಮೇಲೆ ಷರಾ ಬರೆದು ಹಿಂದಕ್ಕೆ ಕಳುಹಿಸಬೇಕು. ಡಿ.ಎನ್.ಎಸ್.ನಲ್ಲಿ ಇದಕ್ಕೆ 3 ಎಂಬ ಸಂಕೇತ ಸಂಖ್ಯೆಯುಂಟು. ಇದು ಸ್ಪಷ್ಟವಾದ ಉತ್ತರ. ಕೇಳಿದವನು ತಾನು ಬರೆದ ಹೆಸರನ್ನು ಮತ್ತೊಮ್ಮೆ ನೋಡಿಕೊಳ್ಳಬೇಕು.

ಎರಡನೆಯದು, ಮನೆಯುಂಟು, ಆದರೆ ಕೇಳಿದ ವ್ಯಕ್ತಿ ಅಲ್ಲಿಲ್ಲ. ಒಂದು ಹೆಸರಿಗೆ ಹಳೆಯ ಬಗೆಯ ಸಂಖ್ಯೆಯೂ ಇರಬಹುದು, ಐಪಿ ಆರನೆಯ ಆವೃತ್ತಿಯ ಉದ್ದ ಸಂಖ್ಯೆಯೂ ಇರಬಹುದು. ಉದ್ದನೆಯದನ್ನು ಕೇಳಿದಾಗ ಅದಿಲ್ಲದಿದ್ದರೆ ಬರಿಯ ಉತ್ತರ ಬರುತ್ತದೆ. 'ಈ ಬಗೆಯದು ಇಲ್ಲ' ಎಂಬುದನ್ನು 'ಮನೆಯೇ ಇಲ್ಲ' ಎಂದು ತಿಳಿದು ಹಿಂದಿರುಗುವ ಪ್ರೋಗ್ರಾಂ ದಡ್ಡತನ ಮಾಡಿದಂತೆ.

ಮೂರನೆಯದು, ಹಳ್ಳ ತುಂಬಿ ಸಂಕ ಮುಳುಗಿದಾಗ ಹೋದವನೂ ಬರುವುದಿಲ್ಲ, ಸುದ್ದಿಯೂ ಬರುವುದಿಲ್ಲ. ಇದು ಮೌನ. ಎಲ್ಲಕ್ಕಿಂತ ಕಷ್ಟದ್ದು ಇದೇ. ಏಕೆಂದರೆ ಎಷ್ಟು ಹೊತ್ತು ಕಾಯಬೇಕು, ಎಷ್ಟು ಸಲ ಮತ್ತೆ ಕೇಳಬೇಕೆಂಬುದನ್ನು ಕೇಳಿದವನೇ ತೀರ್ಮಾನಿಸಬೇಕು.

ನಾಲ್ಕನೆಯದು, ಮನೆಯವರು ಊರು ಬಿಟ್ಟಿದ್ದಾರೆ. ಅಂಚೆಯವನು ಹಳೆಯ ನೆನಪಿನಲ್ಲಿ ಹಳೆಯ ಬಾಗಿಲಿಗೇ ಕಾಗದ ಹಾಕುತ್ತಿದ್ದಾನೆ. ಉತ್ತರದ ನೆನಪಿನ ಅವಧಿ ಮುಗಿದ ಮೇಲೂ ಅದನ್ನೇ ಹಿಡಿದುಕೊಂಡ ಪ್ರೋಗ್ರಾಂ ಮಾಡುವುದೂ ಇದನ್ನೇ.

ಐದನೆಯದು, 'ಅವರು ಈಗ ಆ ಊರಿನಲ್ಲಿದ್ದಾರೆ' ಎಂದು ಈ ಊರಿನವರು ವಿಳಾಸ ತಿದ್ದಿ ಕಳುಹಿಸುತ್ತಾರೆ; ಆ ಊರಿನವರು ಮತ್ತೆ ಈ ಊರಿಗೇ ತಿದ್ದುತ್ತಾರೆ. ಕಾಗದ ಮುದ್ರೆಗಳನ್ನು ಹೊತ್ತು ಅಲೆಯುತ್ತಲೇ ಇರುತ್ತದೆ. ಒಂದು ಹೆಸರಿಗೆ ಇನ್ನೊಂದು ಹೆಸರನ್ನೇ ಉತ್ತರವಾಗಿ ಕೊಡುವ ಅವಕಾಶ ಡಿ.ಎನ್.ಎಸ್.ನಲ್ಲಿಯೂ ಉಂಟು, ಎರಡು ಹೆಸರುಗಳು ಪರಸ್ಪರ ಕೈತೋರಿದರೆ, ಎಣಿಕೆಯಿಟ್ಟು ನಿಲ್ಲದ ಪ್ರೋಗ್ರಾಂ ಗಾಣದ ಎತ್ತಾಗುತ್ತದೆ.

ಆರನೆಯದು, ಮಳೆಯಲ್ಲಿ ನೆನೆದು ಅರ್ಧ ಹರಿದ ಕಾಗದ. ಡಿ.ಎನ್.ಎಸ್.ನ ಮೂಲ ನಿಯಮದಲ್ಲಿ ಬಿಡಿ ಪ್ಯಾಕೆಟ್ಟಿನ ಉತ್ತರಕ್ಕೆ 512 ಬೈಟುಗಳ ಮಿತಿಯಿತ್ತು. ಉತ್ತರ ಹಿಡಿಸದಿದ್ದರೆ 'ಇದು ಪೂರ್ತಿಯಲ್ಲ' ಎಂಬ ಗುರುತನ್ನು ಹಾಕುತ್ತಾರೆ. ಕೇಳಿದವನು ಭದ್ರವಾದ ಬೇರೊಂದು ದಾರಿಯಲ್ಲಿ ಮತ್ತೆ ಕೇಳಬೇಕು. ಗುರುತನ್ನು ಗಮನಿಸದವನ ಕೈಯಲ್ಲಿ ಅರ್ಧ ಪತ್ರವೇ ಉಳಿಯುತ್ತದೆ.

"ಸಾಕೇನೋ?" ಎಂದರು ಅಜ್ಜಯ್ಯ.

"ಸದ್ಯಕ್ಕೆ ಸಾಕು" ಎಂದ ಮೊಮ್ಮಗ.

ನಾಟಕದ ಪುಸ್ತಕ

ಅಣಕು ಸರ್ವರನ್ನು ಕಟ್ಟುವುದು ಎಣಿಸಿದಷ್ಟು ಕಠಿಣವಲ್ಲ. ಡಿ.ಎನ್.ಎಸ್. ಪ್ರಶ್ನೆ ಎಂಬುದು ಚಿಕ್ಕದೊಂದು ಪ್ಯಾಕೆಟ್ಟು. ಅದರ ತಲೆಭಾಗದಲ್ಲಿ 12 ಬೈಟುಗಳು. ಮೊದಲ ಎರಡು ಬೈಟುಗಳಲ್ಲಿ ಪ್ರಶ್ನೆಯ ಗುರುತು ಸಂಖ್ಯೆ. ಮುಂದಿನ ಎರಡರಲ್ಲಿ ಇದು ಪ್ರಶ್ನೆಯೋ ಉತ್ತರವೋ, ಪೂರ್ತಿಯೋ ಅರ್ಧವೋ, ಸರಿಯೋ ತಪ್ಪೋ ಎಂಬ ಗುರುತುಗಳು. ಉಳಿದವುಗಳಲ್ಲಿ ಪ್ರಶ್ನೆಗಳೆಷ್ಟು, ಉತ್ತರಗಳೆಷ್ಟು ಎಂಬ ಲೆಕ್ಕ. ಆಮೇಲೆ ಹೆಸರು. ಹೆಸರಿನ ಒಂದೊಂದು ತುಂಡಿಗೂ ಮುಂಚೆ ಅದರ ಉದ್ದವನ್ನು ಬರೆದಿರುತ್ತದೆ. ಸೊನ್ನೆ ಬಂದರೆ ಹೆಸರು ಮುಗಿಯಿತು. ಒಂದು ತುಂಡು 63 ಬೈಟುಗಳನ್ನು ಮೀರಬಾರದು, ಇಡೀ ಹೆಸರು 255ನ್ನು ಮೀರಬಾರದು.

ಅಣಕು ಸರ್ವರು ಈ ಪ್ಯಾಕೆಟ್ಟನ್ನು ಓದಿ, ಗುರುತು ಸಂಖ್ಯೆಯನ್ನೂ ಪ್ರಶ್ನೆಯನ್ನೂ ಹಾಗೆಯೇ ನಕಲು ಮಾಡಿ, 'ಇದು ಉತ್ತರ' ಎಂಬ ಗುರುತನ್ನು ಏರಿಸಿ, ಕೊನೆಯಲ್ಲಿ ತನಗೆ ಬೇಕಾದ ಸಂಖ್ಯೆಯನ್ನು ಅಂಟಿಸಿ ಹಿಂದಿರುಗಿಸಿದರೆ ಮುಗಿಯಿತು. ಕೆಲವು ನೂರು ಸಾಲುಗಳ ಕೆಲಸ. ನಿಜವಾದ ಸರ್ವರುಗಳು ಕೂರುವುದು 53ನೆಯ ಬಾಗಿಲಿನಲ್ಲಿ. 1024ಕ್ಕಿಂತ ಕೆಳಗಿನ ಬಾಗಿಲುಗಳಲ್ಲಿ ಕೂರಲು ಸಾಮಾನ್ಯವಾಗಿ ವಿಶೇಷ ಅಧಿಕಾರ ಬೇಕು. ಆದುದರಿಂದ ಅಣಕು ಸರ್ವರು ಖಾಲಿಯಿರುವ ಯಾವುದಾದರೊಂದು ಮೇಲಿನ ಬಾಗಿಲನ್ನು ಹಿಡಿಯುತ್ತದೆ. ಇದಕ್ಕೆ ಮುಖ್ಯ ಪ್ರೋಗ್ರಾಮೂ ಸಹಕರಿಸಬೇಕು: ಯಾರನ್ನು ಕೇಳಬೇಕೆಂಬುದನ್ನು ಅದರೊಳಗೆ ಕಲ್ಲಿನಲ್ಲಿ ಕೆತ್ತಿರಬಾರದು, ಹೊರಗಿನಿಂದ ಹೇಳುವಂತಿರಬೇಕು. ತರುಣನ ಪ್ರೋಗ್ರಾಮಿನಲ್ಲಿ ಅದನ್ನು ಕೆತ್ತಿಯೇ ಇತ್ತು! ಪರೀಕ್ಷೆ ಇನ್ನೂ ಆರಂಭವಾಗುವ ಮುನ್ನವೇ ಒಂದು ತಪ್ಪು ಸಿಕ್ಕಿತು.

ಇನ್ನು ಸ್ಕ್ರಿಪ್ಟು. ಚಲನಚಿತ್ರಕ್ಕೆ ಸ್ಕ್ರಿಪ್ಟು ಇರುವಂತೆ ಈ ನಟನಿಗೂ ಒಂದು ಪುಸ್ತಕ ಬೇಕು. ಯಾವ ಹೆಸರನ್ನು, ಎಷ್ಟನೆಯ ಸಲ ಕೇಳಿದಾಗ, ಏನು ಮಾಡಬೇಕೆಂಬುದನ್ನು ಅದರಲ್ಲಿ ಸಾಲುಸಾಲಾಗಿ ಬರೆದಿಡುತ್ತಾರೆ. ತರುಣ ಆರಿಸಿಕೊಂಡ ಹೆಸರು 'ಮಾಲ್ಗುಡಿ.ಟೆಸ್ಟ್'. ಅವನ ಪುಸ್ತಕದ ಒಂದು ಪುಟ ಹೀಗಿತ್ತು:

ಮಾಲ್ಗುಡಿ.ಟೆಸ್ಟ್, ಮೊದಲನೆಯ ಸಲ: ಸುಮ್ಮನಿರು.
ಎರಡನೆಯ ಸಲ: ಸುಮ್ಮನಿರು.
ಮೂರನೆಯ ಸಲ: ಐದು ಸೆಕೆಂಡು ತಡಮಾಡಿ 127.0.0.1 ಎನ್ನು, ನೆನಪಿನ ಅವಧಿ 60 ಸೆಕೆಂಡು.
ನಾಲ್ಕನೆಯ ಸಲ: ಅಂಥ ಹೆಸರೇ ಇಲ್ಲವೆನ್ನು.

ಇಂಥ ಪುಟವೊಂದನ್ನು ನೂರು ಸಲ ಆಡಿಸಿದರೂ ನೂರು ಸಲವೂ ಒಂದೇ ಆಟ. ಮಳೆಗಾಗಿ ಕಾಯಬೇಕಿಲ್ಲ, ಅದೃಷ್ಟವನ್ನು ನೆಚ್ಚಬೇಕಿಲ್ಲ. ಅರವತ್ತು ಸೆಕೆಂಡು ಕಾಯುವ ಬೇಸರವೂ ಬೇಡವೆಂದರೆ ಗಡಿಯಾರವನ್ನೂ ಅಣಕು ಮಾಡಿ, ಮುಳ್ಳನ್ನು ಕೈಯಿಂದ ತಿರುಗಿಸಬಹುದು. ಒಂದು ಪುಟದಲ್ಲಿ ತರುಣ ಬೇಕೆಂದೇ ತಪ್ಪು ಗುರುತು ಸಂಖ್ಯೆಯ ಉತ್ತರವನ್ನು ಬರೆದಿಟ್ಟ. ಕೇಳದ ಪ್ರಶ್ನೆಗೆ ಬಂದ ಅಂಥ ಉತ್ತರವನ್ನು ಪ್ರೋಗ್ರಾಂ ಎಸೆಯಬೇಕು. ಇದು ಅತಿಶಂಕೆಯಲ್ಲ. ಗುರುತು ಸಂಖ್ಯೆಗಳು ಇರುವುದು 65,536 ಮಾತ್ರ; ಅದನ್ನು ಊಹಿಸಿ ಕಳ್ಳ ಉತ್ತರವನ್ನು ತುರುಕುವ ದಾರಿಯನ್ನು ಡ್ಯಾನ್ ಕಮಿನ್ಸ್ಕಿ ಎಂಬವರು 2008ರಲ್ಲಿ ತೋರಿಸಿಕೊಟ್ಟಾಗ ಲೋಕದ ನಾಮಸರ್ವರುಗಳನ್ನೆಲ್ಲ ತರಾತುರಿಯಿಂದ ತಿದ್ದಬೇಕಾಯಿತು.

ಅಣಕು ಸರ್ವರು ಮಾಡುವ ಇನ್ನೊಂದು ಉಪಕಾರವೆಂದರೆ, ತನ್ನನ್ನು ಯಾರು, ಯಾವಾಗ, ಏನು ಕೇಳಿದರೆಂಬುದನ್ನು ಅದು ದಿನಚರಿಯಂತೆ ಬರೆದಿಡುವುದು. ಕೊನೆಯ ಫಲ ಸರಿಯಾಗಿದ್ದರೆ ಸಾಲದು. ಅದು ಬಂದ ದಾರಿಯೂ ಸರಿಯಾಗಿರಬೇಕು. ಉತ್ತರ ಬರಲಿಲ್ಲವೆಂದು ಸೆಕೆಂಡಿಗೆ ಸಾವಿರ ಸಲ ಬಾಗಿಲು ಬಡಿಯುವ ಪ್ರೋಗ್ರಾಂ ಒಂದೇ ಇದ್ದರೆ ಕಿರುಕುಳ; ಲಕ್ಷ ಇದ್ದರೆ, ಬಿದ್ದ ಸರ್ವರನ್ನು ಏಳಗೊಡದ ಕಾಲ್ತುಳಿತ.

ಆರು ಪುಟಗಳನ್ನೂ ಆಡಿಸಿದಾಗ ಆ ರಾತ್ರಿಯ ಗುಟ್ಟು ಹೊರಬಿತ್ತು. 'ಸುಮ್ಮನಿರು' ಎಂಬ ಪುಟದಲ್ಲಿ ಪ್ರೋಗ್ರಾಂ ಉತ್ತರಕ್ಕಾಗಿ ಕಾದು, ಬೇಸತ್ತು, ಆ ಸರದಿಯನ್ನು ಕೈಬಿಡುತ್ತಿತ್ತು. ಕೈಬಿಡುವಾಗ ಎಣಿಕೆಯನ್ನೂ ಅಳಿಸಿ ಸೊನ್ನೆಯಿಂದ ಆರಂಭಿಸುತ್ತಿತ್ತು. ಲೆಕ್ಕ ಬಾರದ ಸರದಿಯನ್ನು ಆಚೆಯ ಪುಟ ಸೊನ್ನೆಯೆಂದು ತೋರಿಸುತ್ತಿತ್ತು. 'ತಿಳಿಯದು' ಎನ್ನಬೇಕಾದ ಕಡೆ 'ಮಳೆಯಿಲ್ಲ' ಎಂದಿತ್ತು. ಅಣಕು ಸರ್ವರು ಬೇಕೆಂದು ಹೇಳಿದ ಸುಳ್ಳು, ಪ್ರೋಗ್ರಾಂ ತಿಳಿಯದೆ ಹೇಳುತ್ತಿದ್ದ ಸುಳ್ಳನ್ನು ಬಯಲಿಗೆಳೆಯಿತು.

ಅಜ್ಜಯ್ಯನಿಗೆ ಇದನ್ನು ಹೇಳಿದಾಗ ಅವರು ಒಂದೇ ಮಾತು ಆಡಿದರು: "ಚೀಲಕ್ಕೆ ಹಾಕುವ ಮುಂಚೆ ಪುಸ್ತಕದಲ್ಲಿ ಬರೆಯಬೇಕು ಮಾರಾಯ. ನಾವು ಹಾಗೇ ಮಾಡ್ತಿದ್ದದ್ದು." ತಿದ್ದುಪಡಿಯೂ ಅದೇ ಆಯಿತು. ಎಣಿಕೆಯನ್ನು ಮೊದಲು ಸ್ಮರಣೆಯ ಕಾರ್ಡಿನಲ್ಲಿ ಬರೆದಿಡುವುದು, ಅನಂತರ ಕಳುಹಿಸುವುದು, ತಲಪಿತೆಂಬ ಸ್ವೀಕೃತಿ ಬಂದ ಮೇಲಷ್ಟೇ ಅಳಿಸುವುದು. ಉತ್ತರ ಬಾರದಿದ್ದರೆ ಒಂದು ನಿಮಿಷ, ಎರಡು ನಿಮಿಷ, ನಾಲ್ಕು ನಿಮಿಷ ಎಂದು ಬಿಡುವನ್ನು ಹೆಚ್ಚಿಸುತ್ತ ಮತ್ತೆ ಕೇಳುವುದು. ಲೆಕ್ಕ ಬಾರದ ಜಾಗದಲ್ಲಿ ಸೊನ್ನೆಯ ಬದಲು ಅಡ್ಡಗೆರೆ.

ಸುಳ್ಳಿಗೂ ಒಂದು ಬೇಲಿ

ಇಷ್ಟು ಸುಳ್ಳುಗಳನ್ನು ಕೂಡಿಟ್ಟ ಮೇಲೆ ಅವು ಅಂಗಳ ದಾಟದಂತೆ ನೋಡಿಕೊಳ್ಳುವುದೂ ಕಟ್ಟಿದವನ ಹೊಣೆ. ಇದಕ್ಕೆ ಹಿರಿಯರೇ ಏರ್ಪಾಡು ಮಾಡಿದ್ದಾರೆ. 'ಟೆಸ್ಟ್', 'ಎಕ್ಸಾಂಪಲ್', 'ಇನ್‌ವ್ಯಾಲಿಡ್', 'ಲೋಕಲ್‌ಹೋಸ್ಟ್' ಎಂಬ ನಾಲ್ಕು ಕೊನೆಹೆಸರುಗಳನ್ನು 1999ರಲ್ಲಿ ಇಂಥ ಕೆಲಸಗಳಿಗಾಗಿಯೇ ಮೀಸಲಿಡಲಾಯಿತು. ಅವನ್ನು ಯಾರೂ ಕೊಂಡು ನಿಜವಾದ ಮನೆಗೆ ಇಡುವಂತಿಲ್ಲ. ಉದಾಹರಣೆಗಳಲ್ಲಿ ಬರೆಯಲು 192.0.2 ಎಂದು ಮೊದಲಾಗುವ ಸಂಖ್ಯೆಗಳಿವೆ. ಆ ಬಾಗಿಲುಗಳ ಹಿಂದೆ ಯಾರೂ ವಾಸವಿಲ್ಲ. 127.0.0.1 ಎಂಬುದು ಯಂತ್ರವು ತನ್ನನ್ನು ತಾನೇ ಕರೆದುಕೊಳ್ಳುವ ಸಂಖ್ಯೆ. ಅಣಕು ಸರ್ವರು ಅಲ್ಲಿಯೇ ಕುಳಿತರೆ ನೆರೆಮನೆಯವರ ಪ್ರಶ್ನೆಗೆ ಅಪ್ಪಿತಪ್ಪಿಯೂ ಉತ್ತರ ಕೊಡುವುದಿಲ್ಲ.

ಬೇಲಿ ಹಾಕದಿದ್ದರೆ ಏನಾಗುವುದೆಂಬುದಕ್ಕೆ ನಿದರ್ಶನವೂ ಉಂಟು. ಮೈಕ್ರೋಸಾಫ್ಟಿನ ವಿಂಡೋಸ್ ಜಾಲವ್ಯವಸ್ಥೆಯ ಹಳೆಯ ಆವೃತ್ತಿಗಳಲ್ಲಿ ಒಳಜಾಲಕ್ಕೆ ಮಾದರಿಯಾಗಿ 'ಕಾರ್ಪ್' ಎಂಬ ಹೆಸರಿತ್ತು. ಎಷ್ಟೋ ಸಂಸ್ಥೆಗಳು ಅದನ್ನು ಬದಲಿಸದೆ ಹಾಗೆಯೇ ಇಟ್ಟುಕೊಂಡವು. ಆ ಕಂಪ್ಯೂಟರುಗಳು ಕಚೇರಿಯಿಂದ ಹೊರಗೆ ಹೋದಾಗ ಒಳಮನೆಯ ಮಾತುಗಳನ್ನು ಹೊತ್ತು 'ಕಾರ್ಪ್.ಕಾಮ್' ಎಂಬ ನಿಜವಾದ ಹೆಸರಿನ ಬಾಗಿಲನ್ನು ತಟ್ಟುತ್ತಿದ್ದವು. ಅದು ದುಷ್ಟರ ಕೈಗೆ ಬೀಳದಿರಲೆಂದು 2020ರಲ್ಲಿ ಆ ಕಂಪನಿಯೇ ಆ ಹೆಸರನ್ನು ಕೊಂಡುಕೊಳ್ಳಬೇಕಾಯಿತು.

ನಾರಾಯಣ್ ಅವರು ಮಾಲ್ಗುಡಿ ಎಂಬ ಹೊಸ ಹೆಸರನ್ನೇ ಕಟ್ಟಿದ್ದು ಇಲ್ಲಿ ನೆನಪಾಗುತ್ತದೆ. ಮೈಸೂರಿನ ಹೆಸರಿಟ್ಟು ಮೈಸೂರಿನಲ್ಲಿಲ್ಲದ ಬೀದಿಯನ್ನು ಬರೆದಿದ್ದರೆ, ಓದಿದವನೊಬ್ಬ ರೈಲಿಳಿದು ಅದನ್ನು ಹುಡುಕುತ್ತಿದ್ದನೇನೋ.

ಬೇಲಿಯಾಚೆಯ ನಿಜ

ಇಷ್ಟೆಲ್ಲ ಪರೀಕ್ಷೆ ಒಂದು ಮಳೆಮಾಪಕಕ್ಕಾಗಿಯೇ ಎಂದರೆ, ದೊಡ್ಡವರ ಮನೆಯಲ್ಲಿಯೂ ಕಥೆ ಬೇರೆಯಲ್ಲ. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್ಕೂ ಅದರ ಬಳಗದ ವಾಟ್ಸಾಪ್ ಮೊದಲಾದವುಗಳೂ ಸುಮಾರು ಆರು ಗಂಟೆಗಳ ಕಾಲ ಲೋಕದಿಂದ ಮರೆಯಾದವು. ದುರಸ್ತಿಯ ವೇಳೆ ಕೊಟ್ಟ ಒಂದು ಆಜ್ಞೆಯಿಂದ ಒಳಜಾಲ ಕಡಿದುಬಿತ್ತು. ಅವರ ನಾಮಸರ್ವರುಗಳಿಗೆ ಹೋಗುವ ದಾರಿಯೇ ಅಳಿಸಿಹೋಯಿತು. ಕೇಳಿದವರಿಗೆಲ್ಲ ಮೌನ, ಅಜ್ಜಯ್ಯನ ಮೂರನೆಯ ಸಾಲು. 2025ರ ಅಕ್ಟೋಬರ್ 20ರಂದು ಅಮೆಜಾನಿನ ವರ್ಜೀನಿಯ ಪ್ರದೇಶದ ಕಂಪ್ಯೂಟರ್ ಕೇಂದ್ರಗಳಲ್ಲಿ ವಿಳಾಸಗಳನ್ನು ತಾನಾಗಿಯೇ ಬರೆಯುವ ವ್ಯವಸ್ಥೆಯ ಎರಡು ಭಾಗಗಳು ಒಂದರ ಕೆಲಸದ ಮೇಲೆ ಇನ್ನೊಂದು ಕೈಯಾಡಿಸಿ, ಮುಖ್ಯವಾದ ಹೆಸರೊಂದರ ಮುಂದಿನ ಸಂಖ್ಯೆಗಳನ್ನೆಲ್ಲ ಬರಿದುಮಾಡಿದವು. ಹೆಸರು ಉಂಟು, ಉತ್ತರ ಬರಿದು. ಇದು ಎರಡನೆಯ ಸಾಲಿಗೆ ಹತ್ತಿರ. ಅದನ್ನು ನಂಬಿದ್ದ ಅಸಂಖ್ಯಾತ ಸೇವೆಗಳು ಅಂದು ತಡವರಿಸಿದವು.

ಏಳನೆಯ ಸಾಲು

ತಿದ್ದಿದ ಪ್ರೋಗ್ರಾಂ ಎರಡು ವಾರ ನಿರಾತಂಕವಾಗಿ ನಡೆಯಿತು. ಪುಷ್ಯ ಮಳೆ ಹಿಡಿದ ಮೇಲೆ ಜಾಲ ಅನೇಕ ಸಲ ಕೈಕೊಟ್ಟಿತು. ಲೆಕ್ಕ ತಡವಾಯಿತೇ ಹೊರತು ಕಳೆದುಹೋಗಲಿಲ್ಲ. ತರುಣ ಬೆಂಗಳೂರಿಗೆ ಹೊರಡುವ ಸಿದ್ಧತೆಯಲ್ಲಿದ್ದಾಗ ಒಂದು ಸಂಜೆ ಮತ್ತೆ ಪುಟದಲ್ಲಿ ಅಡ್ಡಗೆರೆಗಳು ಕಂಡವು. ಸ್ಮರಣೆಯ ಕಾರ್ಡನ್ನು ತೆಗೆದು ನೋಡಿದರೆ ಅಲ್ಲಿಯೂ ಲೆಕ್ಕವಿಲ್ಲ! ಸ್ವೀಕೃತಿ ಬಂದಿದೆಯೆಂದು ಪ್ರೋಗ್ರಾಂ ಅಳಿಸಿಬಿಟ್ಟಿತ್ತು.

ವಿಚಾರಿಸಿದಾಗ ತಿಳಿದದ್ದು ಇಷ್ಟು: ಮಾಪಕದ ಸಿಮ್ಮಿನಲ್ಲಿದ್ದ ಹಣ ಮುಗಿದಿತ್ತು. ಹಣ ಮುಗಿದಾಗ ಆ ಜಾಲದ ನಾಮಸರ್ವರು 'ಇಲ್ಲ' ಎನ್ನುತ್ತಿರಲಿಲ್ಲ, ಸುಮ್ಮನೂ ಇರುತ್ತಿರಲಿಲ್ಲ. ಯಾವ ಹೆಸರನ್ನು ಕೇಳಿದರೂ ಒಂದೇ ಸಂಖ್ಯೆಯನ್ನು, ರೀಚಾರ್ಜ್ ಮಾಡಿಸಿರೆಂದು ಹೇಳುವ ಪುಟದ ಸಂಖ್ಯೆಯನ್ನು, ಕೊಡುತ್ತಿತ್ತು. ಪ್ರೋಗ್ರಾಂ ಮಳೆಯ ಲೆಕ್ಕವನ್ನು ಆ ಪುಟಕ್ಕೆ ಕಳುಹಿಸಿತು. ಪುಟ ವಿನಯದಿಂದ 'ಸರಿ' ಎಂದಿತು. ಪ್ರೋಗ್ರಾಂ ಅದನ್ನೇ ಸ್ವೀಕೃತಿಯೆಂದು ತಿಳಿದು ಲೆಕ್ಕ ಅಳಿಸಿತು.

ಅಜ್ಜಯ್ಯ ಕಷಾಯದ ಲೋಟವನ್ನು ಕೆಳಗಿಟ್ಟು ಹಣೆ ಚಚ್ಚಿಕೊಂಡರು. "ಅದನ್ನು ಹೇಳಲಿಕ್ಕೆ ಮರೆತೆ ನೋಡು! ರಿಜಿಸ್ಟರ್ ಕಾಗದಕ್ಕೆ ಬಾಗಿಲಲ್ಲಿ ನಿಂತವನ ಹತ್ತಿರ ರುಜು ಹಾಕಿಸಿ ಬಂದುಬಿಡೋದು. ಆಮೇಲೆ ನೋಡಿದರೆ ಅವನು ಆ ಮನೆಯವನೇ ಅಲ್ಲ. ನನ್ನ ಮೊದಲನೆಯ ವರ್ಷದಲ್ಲೇ ಆದದ್ದು."

"ಆಮೇಲೆ ಏನು ಮಾಡಿದಿರಿ, ಅಜ್ಜಯ್ಯ?"

"ಏನು ಮಾಡೋದು? ಬೈಸಿಕೊಂಡೆ. ಆಮೇಲೆ ಗುರುತು ಕೇಳದೆ ರುಜು ಹಾಕಿಸಲಿಲ್ಲ."

ಗುರುತು ಕೇಳುವ ಕ್ರಮ ಅಂತರಜಾಲದಲ್ಲಿಯೂ ಉಂಟು. ಎದುರಿನ ಸರ್ವರು ತನ್ನ ಹೆಸರಿನ ಪ್ರಮಾಣಪತ್ರವನ್ನು ತೋರಿಸಬೇಕು, ಅದು ಸರಿಯಿದ್ದರೆ ಮಾತ್ರ ಲೆಕ್ಕ ಕೊಡಬೇಕು. ಪುಟ್ಟ ಯಂತ್ರವೆಂದು ಉದಾಸೀನ ಮಾಡಿ ತರುಣ ಅದನ್ನು ಬಿಟ್ಟಿದ್ದ. ಅಣಕು ಸರ್ವರಿನ ಮಿತಿಯೂ ಇಲ್ಲಿಯೇ ಕಾಣುತ್ತದೆ. ಬರೆದುಕೊಟ್ಟ ಸುಳ್ಳನ್ನು ಅದು ಚಾಚೂ ತಪ್ಪದೆ ಹೇಳುತ್ತದೆ. ಬರೆಯದ ಸುಳ್ಳನ್ನು ತಾನಾಗಿ ಹೇಳಲಾರದು. ಅದನ್ನು ಹೇಳಿಕೊಡುವವರು ಮಳೆ, ಕಾಲ, ಮತ್ತು ಹಿಂದೆ ಪೆಟ್ಟು ತಿಂದವರು.

ತರುಣ ಬಸ್ಸಿನ ಹೊತ್ತನ್ನು ಒಂದು ದಿನ ಮುಂದೂಡಿ, ಪುಸ್ತಕಕ್ಕೆ ಏಳನೆಯ ಸಾಲನ್ನು ಸೇರಿಸಿದ: 'ಯಾವ ಹೆಸರನ್ನು ಕೇಳಿದರೂ ಒಂದೇ ವಿಳಾಸ ಕೊಡು, ಅಲ್ಲಿ ಸರಿ ಎನ್ನುವ ಪರರನ್ನು ಕೂರಿಸು.' ಪ್ರೋಗ್ರಾಂ ಮೊದಲ ಸಲ ಮೋಸಹೋಯಿತು. ಪ್ರಮಾಣಪತ್ರ ಕೇಳುವಂತೆ ತಿದ್ದಿದ ಮೇಲೆ, ಎರಡನೆಯ ಸಲ, ಲೆಕ್ಕವನ್ನು ಕೈಯಲ್ಲಿಯೇ ಹಿಡಿದುಕೊಂಡು ಹಿಂದಿರುಗಿತು.

ಹೊರಗೆ ಮಳೆ ಬಟ್ಟಲನ್ನು ತುಂಬುತ್ತಲೇ ಇತ್ತು. ಅದು ವಾಲಿದಾಗಲೆಲ್ಲ ಸಣ್ಣಗೆ 'ಟಕ್' ಎಂಬ ಸದ್ದು ಜಗಲಿಗೆ ಕೇಳಿಸುತ್ತಿತ್ತು. ಅಜ್ಜಯ್ಯ ಕಣ್ಣು ಮುಚ್ಚಿ ಎಣಿಸುತ್ತಿದ್ದರು.